ಬೀರು ತೆರೆದ ಕನ್ನಡ ಮಿಸ್ಸು

ಕೋಪ ಬಂದರೆ ಅವರ ಮೂಗಿನ ತುದಿ ಮೊದಲು ಕೆಂಪಾಗುತ್ತಿತ್ತು. ಆಮೇಲೆ ಕಿವಿ, ಆಮೇಲೆ ಕುತ್ತಿಗೆ. ಕುತ್ತಿಗೆಗೆ ಬರುವಷ್ಟರಲ್ಲಿ ಎದುರಿಗಿದ್ದವರು ಜಾಗ ಖಾಲಿ ಮಾಡಿರಬೇಕು. ಕುಳ್ಳಗಿನ ಹೆಂಗಸು. ಬೆಳಿಗ್ಗೆ ಚನ್ನರಾಯಪಟ್ಟಣದ ಬಸ್ಸಿನಿಂದ ಇಳಿದು, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ದುಡುದುಡು ನಡೆದು ಬರುವಾಗಲೇ, ಇವತ್ತು ಕಂಡಕ್ಟರನ ಜೊತೆ ಜಗಳವಾಗಿದೆಯೋ ಇಲ್ಲವೋ ಎಂದು ನಾವು ಶಾಲೆಯ ಗೇಟಿನಲ್ಲಿ ನಿಂತು ಮೂಗು ನೋಡಿ ಹೇಳುತ್ತಿದ್ದೆವು. ಹೆಚ್ಚಿನ ದಿನ ಆಗಿರುತ್ತಿತ್ತು.

ನಮ್ಮೂರಿನ ಸರ್ಕಾರಿ ಹೈಸ್ಕೂಲಿಗೆ ಅವರು ಕನ್ನಡ ಹೇಳಿಕೊಡಲು ಬಂದ ಅತಿಥಿ ಶಿಕ್ಷಕಿ. ಅಂದರೆ ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಮುಂದಿನ ಜೂನ್‌ನಲ್ಲಿ ಹೆಡ್‌ಮಾಸ್ಟರು ಮನಸ್ಸು ಮಾಡಿದರೆ ಮತ್ತೆ ಕರೆಯುತ್ತಾರೆ, ಇಲ್ಲವಾದರೆ ಇಲ್ಲ. ಇಂಥ ಕೆಲಸದಲ್ಲಿರುವವರು ಸಾಮಾನ್ಯವಾಗಿ ಹೆಡ್‌ಮಾಸ್ಟರು ಕೂರಿ ಅಂದರೆ ಕೂತು, ಏಳಿ ಅಂದರೆ ಏಳುತ್ತಾರೆ. ನಮ್ಮ ಮಿಸ್ಸಿಗೆ ಆ ವಿದ್ಯೆ ಮಾತ್ರ ಹತ್ತಲಿಲ್ಲ.

ಶಾಲೆಯ ಮೂಲೆಯ ಕೋಣೆಯಲ್ಲಿ ಗಾಜಿನ ಬಾಗಿಲಿನ ಒಂದು ಕಬ್ಬಿಣದ ಬೀರು ಇತ್ತು. ಅದರ ಮೇಲೆ ‘ರೋಬೋಟಿಕ್ಸ್ ಲ್ಯಾಬ್’ ಎಂದು ಬಣ್ಣದಲ್ಲಿ ಬರೆಸಿದ್ದರು. ಒಳಗೆ ಸರ್ಕಾರದಿಂದ ಬಂದ ಮೋಟರುಗಳು, ಗಾಲಿಗಳು, ಸೆನ್ಸಾರುಗಳು, ಬೆಂಕಿಪೊಟ್ಟಣದಷ್ಟು ದೊಡ್ಡ ಕಂಪ್ಯೂಟರ್ ಬೋರ್ಡುಗಳು. ಎಲ್ಲವೂ ಪ್ಲಾಸ್ಟಿಕ್ ಕವರಿನೊಳಗೆ ಬೆಚ್ಚಗೆ ಮಲಗಿದ್ದವು. ಸಾಹೇಬರು ಯಾರಾದರೂ ತಪಾಸಣೆಗೆ ಬಂದರೆ ಬೀರು ತೆರೆಯುತ್ತಿತ್ತು. ಅವರು ಬಗ್ಗಿ ನೋಡಿ, ತಲೆಯಾಡಿಸಿ, ಎಳನೀರು ಕುಡಿದು ಹೋದಮೇಲೆ ಮುಚ್ಚುತ್ತಿತ್ತು. ನಾನು ದಿನಾ ಆ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದೆ. ನನಗೆ ಮೊದಲಿನಿಂದಲೂ ಬಿಚ್ಚುವ ಚಾಳಿ. ನಮ್ಮಪ್ಪ ತೆಂಗಿನಕಾಯಿ ಸಾಗಿಸುವ ಟೆಂಪೋ ಓಡಿಸುತ್ತಿದ್ದರು; ಅದರ ಟೇಪ್‌ರೆಕಾರ್ಡರ್ ಬಿಚ್ಚಿ ಒದೆ ತಿಂದಿದ್ದೆ, ಅಜ್ಜಿಯ ಟಾರ್ಚು ಬಿಚ್ಚಿ ಬೈಸಿಕೊಂಡಿದ್ದೆ. ‘ಎಣ್ಣುಡ್ಗಿಗೆ ಸ್ಕ್ರೂಡ್ರೈವರ್ ಯಾಕ್ ಕೊಟ್ಟೀಯಲಾ’ ಎಂದು ಅಜ್ಜಿ ಅಪ್ಪನಿಗೇ ಗದರುತ್ತಿದ್ದಳು.

ವಿಜ್ಞಾನದ ಮೇಷ್ಟರು ವರ್ಗವಾಗಿ ಹೋದಾಗ ಬೀರುವಿನ ಬೀಗದ ಕೈ ಯಾರಿಗೂ ಬೇಡವಾಯಿತು. ಏನಾದರೂ ಕಳೆದರೆ ಯಾರು ಉತ್ತರ ಹೇಳುವುದು? ಕೊನೆಗೆ ‘ಇಲ್ಲ’ ಅನ್ನಲಾಗದ ಅತಿಥಿ ಶಿಕ್ಷಕಿಯ ಕೊರಳಿಗೆ ಕಟ್ಟಿದರು. ಮಿಸ್ಸು ಮಾರನೆಯ ದಿನವೇ ಬೀರು ತೆರೆದು, ಕವರುಗಳನ್ನೆಲ್ಲ ನೆಲದ ಮೇಲೆ ಸುರಿದು, ನಮ್ಮನ್ನು ಕೂರಿಸಿದರು.

“ನಂಗೆ ಇದ್ರಲ್ಲಿ ಏನೂ ಗೊತ್ತಿಲ್ಲ ಕಣ್ರೋ. ಹಳಗನ್ನಡ ಕೇಳಿ, ಹೇಳ್ತೀನಿ. ಇದನ್ನ ನೀವೇ ಬಿಚ್ಚಿ, ನೀವೇ ಜೋಡ್ಸಿ, ಆಮೇಲೆ ನಂಗೆ ಹೇಳ್ಕೊಡಿ” ಅಂದರು.

ಹೆಡ್‌ಮಾಸ್ಟರು ಓಡಿ ಬಂದರು. “ರೀ ಮೇಡಂ, ಅದು ಡಿಪಾರ್ಟ್‌ಮೆಂಟ್ ಪ್ರಾಪರ್ಟಿ. ಸಾಹೇಬ್ರು ಬಂದಾಗ ತೋರ್ಸಕ್ಕೆ ಇರಾದು.”

“ತೋರ್ಸೋಕೆ ಆಗಿದ್ರೆ ಒಂದು ಫೋಟೋ ಕಳಿಸಿದ್ರೆ ಸಾಕಾಗಿತ್ತಲ್ಲ ಸಾರ್. ವಸ್ತು ಯಾಕೆ ಕಳಿಸಿದ್ರು?”

ಹೇಳಿಕೊಡಿ ಎಂದು ಅವರು ಬಾಯಿಮಾತಿಗೆ ಅಂದಿದ್ದಲ್ಲ. ಅದೇ ಅವರ ಪಾಠದ ಕ್ರಮವಾಯಿತು. ನಾವು ಮೊಬೈಲಿನಲ್ಲಿ ವಿಡಿಯೋ ನೋಡಿ, ಒಂದನ್ನು ಹಾಳುಮಾಡಿ ಇನ್ನೊಂದನ್ನು ಸರಿಮಾಡಿ, ಆಮೇಲೆ ಅವರ ಮುಂದೆ ನಿಂತು ವಿವರಿಸಬೇಕು. ಸೆನ್ಸಾರ್ ಅಂದರೇನು, ಅದಕ್ಕೆ ಕೋತಿ ಹೇಗೆ ಕಾಣುತ್ತದೆ, ಕಂಡದ್ದನ್ನು ಮೋಟರಿಗೆ ಯಾರು ಹೇಳುತ್ತಾರೆ? ಬಾಯಿಪಾಠ ಒಪ್ಪಿಸಿದರೆ ಅರ್ಧದಲ್ಲೇ ತಡೆಯುತ್ತಿದ್ದರು. “ನಂಗೆ ಅರ್ಥ ಆಗ್ಲಿಲ್ಲ ಅಂದ್ರೆ ನಿಂಗೂ ಆಗಿಲ್ಲ ಅಂತಾನೇ ಲೆಕ್ಕ. ಹೋಗು, ತಿರುಗಾ ನೋಡ್ಕೊಂಡು ಬಾ.” ಬೆಸುಗೆ ಹಾಕುವುದನ್ನು ನಾನೇ ಅವರಿಗೆ ಕಲಿಸಿದೆ. ಮೊದಲನೆಯ ದಿನವೇ ಸೆರಗು ಸುಟ್ಟುಕೊಂಡರು. ಆ ಸೀರೆಯನ್ನೇ ಮತ್ತೆ ಮತ್ತೆ ಉಟ್ಟು ಬಂದು, ತೂತನ್ನು ಸಹೋದ್ಯೋಗಿಗಳಿಗೆ ಜಂಬದಿಂದ ತೋರಿಸುತ್ತಿದ್ದರು.

ಕೋತಿಯ ಮಾತು ಬಂತಲ್ಲ, ಅದನ್ನು ಹೇಳಬೇಕು. ಮಧ್ಯಾಹ್ನದ ಊಟದ ಬೆಲ್ ಆದರೆ ಸಾಕು, ಪಕ್ಕದ ತೆಂಗಿನ ತೋಟದಿಂದ ಕೋತಿಗಳು ಇಳಿದು ಮಕ್ಕಳ ತಟ್ಟೆಯ ಬಾಳೆಹಣ್ಣು ಕಿತ್ತುಕೊಂಡು ಹೋಗುತ್ತಿದ್ದವು. ಚಿಕ್ಕ ಮಕ್ಕಳು ಕಿರುಚುತ್ತಿದ್ದರು. ಅದಕ್ಕೇ ನಾವು ಕೋತಿ ಓಡಿಸುವ ರೋಬೋಟು ಮಾಡಿದೆವು. ನಾಲ್ಕು ಗಾಲಿ, ಮೇಲೆ ಪೊರಕೆ ಕಟ್ಟಿದ ಬೆದರುಬೊಂಬೆ, ಅಪ್ಪನ ಟೆಂಪೋದ ಹಳೆಯ ಹಾರ್ನು. ಎದುರಿಗೆ ಏನಾದರೂ ಅಲ್ಲಾಡಿದರೆ ಹಾರ್ನ್ ಹೊಡೆಯುತ್ತ ನುಗ್ಗಬೇಕು. ಮೊದಲ ಪರೀಕ್ಷೆಯ ದಿನ ಕೋತಿಗಳಿಗಿಂತ ಮುಂಚೆ ಅಲ್ಲಾಡಿದವರು ಹೆಡ್‌ಮಾಸ್ಟರು. ಅಂಗಳ ದಾಟುತ್ತಿದ್ದವರನ್ನು ನಮ್ಮ ಬೊಂಬೆ ಆಫೀಸಿನ ಬಾಗಿಲವರೆಗೂ ಅಟ್ಟಿಕೊಂಡು ಹೋಯಿತು. ಮಿಸ್ಸು ಕಂಬ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ಹೆಡ್‌ಮಾಸ್ಟರು ಮರೆಯಲಿಲ್ಲ. ಕೋತಿಗಳು ಮಾತ್ರ ನಿಜವಾಗಿಯೂ ಬರುವುದನ್ನು ಬಿಟ್ಟವು. ದಸರಾ ರಜೆಯಲ್ಲಿ ಹಾಸನದಲ್ಲಿ ನಡೆಯುವ ಸ್ಪರ್ಧೆಗೆ ನಮ್ಮ ರೋಬೋಟು ಆಯ್ಕೆಯೂ ಆಯಿತು.

ರಜೆಗೆ ಮುಂಚಿನ ದಿನವೇ ಆಯುಧಪೂಜೆ ಮಾಡಿ ಮುಗಿಸುವುದು ನಮ್ಮ ಶಾಲೆಯ ಪದ್ಧತಿ. ಗಂಟೆ, ಬೆಲ್ಲಿನ ಸುತ್ತಿಗೆ, ಅಡುಗೆಮನೆಯ ಈಳಿಗೆಮಣೆ, ಮೇಷ್ಟರ ಬೈಕುಗಳು, ಎಲ್ಲಕ್ಕೂ ಕುಂಕುಮ, ಹೂವು. ಆ ವರ್ಷ ಹೆಡ್‌ಮಾಸ್ಟರಿಗೆ ರೋಬೋಟಿನ ಪೂಜೆಯ ಫೋಟೋ ಮೇಲಿನವರಿಗೆ ಕಳಿಸುವ ಹುಮ್ಮಸ್ಸು ಬಂತು. ಮಿಸ್ಸು ದೇವರು ದಿಂಡರು ಅಂದರೆ ಮೂಗು ಮುರಿಯುವವರಲ್ಲ; ಬೀರುವಿಗೆ ತಾವೇ ಅರಿಸಿನ ಕುಂಕುಮ ಹಚ್ಚಿದ್ದರು. ರೋಬೋಟಿನ ಗಾಲಿಗೂ ಒಂದೊಂದು ಬೊಟ್ಟಿಟ್ಟರು. “ಇಷ್ಟು ಸಾಕು ಸಾರ್. ನೀರು ಮಾತ್ರ ಬೇಡ. ಒಳಗೆ ಕರೆಂಟಿದೆ” ಅಂದರು.

“ತೀರ್ಥದಿಂದ ಯಾವ ಮಿಷನ್ ಕೆಟ್ಟದೆ ಹೇಳಿ ಮೇಡಂ? ನನ್ ಬೈಕು ಕೆಟ್ಟದಾ?” ಎಂದು ಹೆಡ್‌ಮಾಸ್ಟರು ಮಾವಿನೆಲೆಯಿಂದ ಕುಂಕುಮದ ನೀರು ಪ್ರೋಕ್ಷಿಸಿದರು. ಬೋರ್ಡಿನ ಮೇಲೆ ನಾಲ್ಕಾರು ಹನಿ ಬಿತ್ತು. ಏನೂ ಆಗಲಿಲ್ಲ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಲೂ ಇರಲಿಲ್ಲವೇನೋ. ಫೋಟೋ ಹೊಡೆಯುತ್ತಿದ್ದ ಡ್ರಿಲ್ ಮೇಷ್ಟರು, “ಸಾ, ಕೈ ಅಲ್ಲಾಡ್ಬುಡ್ತು, ಇನ್ನೊಂದ್ ಸಲ ಹಾಕಿ” ಅಂದರು. ಈ ಸಲ ಹೆಡ್‌ಮಾಸ್ಟರು ಎಲೆ ಬಿಟ್ಟು ಚೊಂಬನ್ನೇ ಬಗ್ಗಿಸಿದರು. ಆಮೇಲೆ ಬೈಕಿಗೆ ಇಡುವ ಹಾಗೆ ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟು, ನನ್ನ ಕಡೆ ತಿರುಗಿ, “ಏಯ್ ಹುಡ್ಗಿ, ಆನ್ ಮಾಡು, ಹಣ್ಣಿನ ಮೇಲೆ ಹತ್ತಿಸು” ಅಂದರು.

“ಆನ್ ಮಾಡಬೇಡ” ಎಂದು ಮಿಸ್ಸು ಕೂಗಿದರು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ಹೆಡ್‌ಮಾಸ್ಟರು ತಾವೇ ಬಗ್ಗಿ ಸ್ವಿಚ್ಚು ಒತ್ತಿದರು. ಹಾರ್ನು ಒಮ್ಮೆ ಕೊಂಯ್ ಎಂದು ಅರ್ಧಕ್ಕೆ ನಿಂತಿತು. ಬೊಂಬೆಯ ಹೊಟ್ಟೆಯಿಂದ ಹೊಗೆ ಬಂತು. ಊದುಬತ್ತಿಯ ಹೊಗೆಯೆಂದುಕೊಂಡು ಯಾರೋ ಕೈಮುಗಿದರು.

ಇವತ್ತಿಗೂ ಆ ಸುಟ್ಟ ವಾಸನೆ ನೆನೆದರೆ ನನ್ನ ಹೊಟ್ಟೆ ಉರಿಯುತ್ತದೆ. ಅಷ್ಟು ಜನ ಓದಿದ ಮೇಷ್ಟರು ಸುತ್ತ ನಿಂತಿದ್ದರು. ಒಬ್ಬರಾದರೂ ಹೆಡ್‌ಮಾಸ್ಟರ ಕೈ ಹಿಡಿಯಲಿಲ್ಲ.

ಸ್ಪರ್ಧೆ ಕೈತಪ್ಪಿತು. ಆದರೂ ಮಿಸ್ಸು ನಮ್ಮನ್ನು ಹಾಸನಕ್ಕೆ ಕರೆದುಕೊಂಡು ಹೋದರು, ನೋಡುವುದಕ್ಕಾದರೂ ಸರಿ ಎಂದು. ಅಲ್ಲಿ ಸಾಲಾಗಿ ಇಟ್ಟಿದ್ದ ರೋಬೋಟುಗಳಲ್ಲಿ ಅರ್ಧಕ್ಕರ್ಧ ಒಂದೇ ಬಣ್ಣ, ಒಂದೇ ಆಕಾರ. ಒಂದೇ ಅಂಗಡಿಯಿಂದ ರೆಡಿಮೇಡ್ ತಂದಿದ್ದರು. ಮಿಸ್ಸು ಒಬ್ಬ ಹುಡುಗನನ್ನು, “ಈ ಕೆಂಪು ವೈರು ಏನ್ ಮಾಡುತ್ತಪ್ಪಾ?” ಎಂದು ಕೇಳಿದರು. ಅವನು ತನ್ನ ಮೇಷ್ಟರ ಮುಖ ನೋಡಿದ. ಮೇಷ್ಟರು ಗೋಡೆಯ ಗಡಿಯಾರ ನೋಡಿದರು. ಆ ಮೇಷ್ಟರಿಗೆ ಆಮೇಲೆ ಮಿಸ್ಸು ಹೇಳಿದ ಮಾತು ಇಡೀ ಹಾಲಿಗೆ ಕೇಳಿಸಿತು. ಸಂಘಟಕರು ಬಂದು ನಮ್ಮನ್ನು ಹೊರಗೆ ಕಳಿಸಿದರು. ಬಹುಮಾನ ಆ ಹುಡುಗನ ರೋಬೋಟಿಗೇ ಬಂತು.

ರಜೆ ಮುಗಿದ ಮೇಲೆ, ಸರ್ಕಾರಿ ವಸ್ತು ಸುಟ್ಟಿದ್ದಕ್ಕೆ ಯಾರದಾದರೂ ಹೆಸರು ಬೇಕಾಯಿತು. ಹೆಡ್‌ಮಾಸ್ಟರು ನನ್ನ ಹೆಸರು ಬರೆಯಲು ಹೊರಟರಂತೆ. ಮಿಸ್ಸು ಆಫೀಸಿಗೆ ನುಗ್ಗಿ, “ಆ ಮಗು ಹೆಸರು ಬರೆದ್ರೆ ನಾಳೆ ಎಲ್ಲಾ ಮಕ್ಕಳನ್ನೂ ಕರ್ಕೊಂಡು ಬಿಇಓ ಆಫೀಸ್ ಮುಂದೆ ಕೂತ್ಕೋತೀನಿ” ಅಂದರು. ಬಾಗಿಲಾಚೆ ನಿಂತು ನಾನೇ ಕೇಳಿಸಿಕೊಂಡೆ. ನನ್ನ ಹೆಸರು ಹೋಯಿತು, ಮಿಸ್ಸಿನ ಹೆಸರು ಬಂತು: ಅನುಮತಿಯಿಲ್ಲದೆ ಲ್ಯಾಬ್ ತೆರೆದಿಟ್ಟು ನಿರ್ಲಕ್ಷ್ಯ ತೋರಿದ್ದಾರೆ. ಅಪ್ಪ ಮತ್ತು ನಾನು ಚನ್ನರಾಯಪಟ್ಟಣದ ಬಿಇಓ ಆಫೀಸಿಗೆ ಹೋಗಿ, ಸ್ವಿಚ್ಚು ಒತ್ತಿದ್ದು ಯಾರು ಎಂದು ಹೇಳಲು ಬೆಂಚಿನ ಮೇಲೆ ಕಾದೆವು. ಸಂಜೆಯಾಯಿತು, ಬಾಗಿಲು ಹಾಕಿದರು, ನಮ್ಮನ್ನು ಯಾರೂ ಕರೆಯಲಿಲ್ಲ. ವಿಷಯ ತಿಳಿದ ಮಿಸ್ಸು ನನ್ನನ್ನೇ ಬೈದರು. “ನೀನು ಎಸೆಸೆಲ್ಸಿ. ಪುಸ್ತಕ ಹಿಡ್ಕೊ. ಇದು ನನ್ ಜಗಳ.”

ಮುಂದಿನ ಜೂನ್‌ನಲ್ಲಿ ಅವರನ್ನು ಕರೆಯಲಿಲ್ಲ. ಬೀರುವಿನಲ್ಲಿ ಉಳಿದಿದ್ದ ವಸ್ತುಗಳನ್ನು ಮತ್ತೆ ಕವರಿಗೆ ಹಾಕಿಟ್ಟರು. ಕೋತಿಗಳು ವಾಪಸ್ಸು ಬಂದವು.

ನಾನು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಕ್ಕೆ ಸೇರಿದ ಮೇಲೆ, ಒಂದು ದಿನ ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದರು. ಕೈಯಲ್ಲಿ ಗುಜರಿ ಅಂಗಡಿಯ ಗೋಣಿಚೀಲ. ಅರಕಲಗೂಡಿನ ಕಡೆಯ ಒಂದು ಶಾಲೆಗೆ ಹೋಗುತ್ತಿದ್ದರು, ಮತ್ತೆ ಅತಿಥಿಯಾಗಿಯೇ. ಆ ಶಾಲೆಯಲ್ಲಿ ಲ್ಯಾಬೂ ಇಲ್ಲ, ಬೀರುವೂ ಇಲ್ಲ. ಕೆಟ್ಟ ಮಿಕ್ಸಿ, ಒಡೆದ ಮೊಬೈಲು, ಹಳೇ ರೇಡಿಯೋಗಳನ್ನು ತಾವೇ ಹೊತ್ತು ತಂದು ಮಕ್ಕಳ ಕೈಗೆ ಕೊಡುತ್ತಿದ್ದರು. “ಅರ್ಧಂಬರ್ಧ ನೀನ್ ಕಲಿಸಿದ್ದನ್ನೇ ಇವಕ್ಕೆ ಹೇಳ್ತಿದೀನಿ. ಮುಂದಕ್ಕೆ ನಂಗೆ ಗೊತ್ತಿಲ್ಲ. ಶನಿವಾರ ಬಂದ್ಬುಡು” ಅಂದರು. ಬರುತ್ತೀಯಾ ಎಂದು ಕೇಳಲಿಲ್ಲ. ನಾನು ಕಾಲೇಜಿಗೆ ಚಕ್ಕರ್ ಹೊಡೆದು ಶನಿವಾರಗಳಲ್ಲಿ ಹೋದೆ. ನಾನು ಮಕ್ಕಳಿಗೆ ಹೇಳಿಕೊಡುವಾಗ ಅವರು ಹಿಂದಿನ ಬೆಂಚಿನಲ್ಲಿ ಕೂತು, “ಅರ್ಥ ಆಗ್ಲಿಲ್ಲ, ತಿರುಗಾ ಹೇಳು” ಎನ್ನುತ್ತಿದ್ದರು.

ಈ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ರಜೆ ಹಾಕಿದರೆ ಮುಂದಿನ ವರ್ಷ ಕರೆಯುವುದಿಲ್ಲವೆಂಬ ಹೆದರಿಕೆಯಿಂದ ಮಾತ್ರೆ ನುಂಗಿ ಎರಡು ಬಸ್ಸು ಬದಲಾಯಿಸಿ ಶಾಲೆಗೆ ಹೋಗುತ್ತಿದ್ದರಂತೆ. ಯಾರಿಗೂ ಹೆದರದ ಆ ಹೆಂಗಸನ್ನು ಈ ವ್ಯವಸ್ಥೆ ಹೆದರಿಸಿದ್ದು ಅದೊಂದರಲ್ಲೇ, ಅಷ್ಟು ಸಾಕಾಯಿತು. ಡೆಂಗ್ಯೂ ಎಂದು ಗೊತ್ತಾಗಿ ಹಾಸನದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತು. ನಾನು ಓಡಿ ಹೋದಾಗ ಅವರಿಗೆ ಪ್ರಜ್ಞೆ ಇರಲಿಲ್ಲ.

ಅವರನ್ನು ಮಣ್ಣು ಮಾಡಿ ಬಂದ ಆ ವಾರದ ಶನಿವಾರ ಅರಕಲಗೂಡಿನ ಬಸ್ಸು ಹತ್ತಿದೆ. ಮಕ್ಕಳು ಗೋಣಿಚೀಲ ಸುರುವಿಕೊಂಡು ಕೂತಿದ್ದವು. ಮಿಕ್ಸಿಯ ಮೋಟರ್ ತೊಡೆಯ ಮೇಲಿಟ್ಟುಕೊಂಡಿದ್ದ ಒಂದು ಎಂಟನೇ ಕ್ಲಾಸಿನ ಹುಡುಗಿ ತಲೆಯೆತ್ತದೆ ಕೇಳಿತು.

“ಅಕ್ಕಾ, ಓದ್ವರ್ಷ ಗಣಿತದ ಮೇಷ್ಟ್ರು ತೀರ್ಕಂಡಾಗ ರಜಾ ಕೊಟ್ಟಿದ್ರು, ಪೋಟಕ್ಕೆ ಆರ ಆಕಿದ್ರು. ನಮ್ ಮಿಸ್ಗೆ ಯಾಕ್ ಇಲ್ಲ? ಪ್ರೇಯರ್‌ನಾಗೆ ಒಂದ್ ಗಳಿಗೆ ನಿಲ್ಸಿ ಬೆಲ್ ಒಡ್ದ್ಬುಟ್ರು.”

ಆಗಲೇ ನಾನು ಆ ಶಾಲೆಯ ಹೆಡ್‌ಮಾಸ್ಟರನ್ನು ಕೇಳಿ ಬಂದಿದ್ದೆ. “ಪರ್ಮನೆಂಟ್ ಆಗಿದ್ರೆ ಕೊಡ್ಬೋದಿತ್ತಮ್ಮ. ರೂಲ್ಸ್ ಇಲ್ಲ” ಎಂದಿದ್ದರು. ಮಗುವಿಗೆ ಏನಾದರೂ ಸಮಾಧಾನದ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ಅವರು ಪರ್ಮನೆಂಟ್ ಟೀಚರ್ ಆಗಿರಲಿಲ್ಲ ಕಣವ್ವ. ಅದಕ್ಕೆ ರೂಲ್ಸಿಲ್ಲವಂತೆ.”

ಹುಡುಗಿ ತಲೆಯೆತ್ತಿತು. “ನಂಗೆ ಅರ್ಥ ಆಗ್ನಿಲ್ಲ” ಅಂದಿತು. ಮೋಟರನ್ನು ನೆಲಕ್ಕಿಟ್ಟು, ಲಂಗ ಕೊಡವಿಕೊಂಡು ಎದ್ದಿತು. “ಎಡ್‌ಮಾಸ್ಟ್ರೇ ಬಂದು ಅರ್ಥ ಮಾಡಿಸ್ಲಿ. ನಾ ಓಗಿ ಕೇಳ್ತೀನಿ.”

ಆಫೀಸಿನ ಕಡೆಗೆ ಹೊರಟೇ ಬಿಟ್ಟಿತು. ಒಬ್ಬೊಬ್ಬರಾಗಿ ಉಳಿದ ಮಕ್ಕಳೂ ಎದ್ದರು. ಹೊತ್ತು ಮೀರುವ ಮೊದಲೇ ತಡೆಯಬಹುದಿತ್ತು, ದೊಡ್ಡವಳು ನಾನೊಬ್ಬಳೇ ಇದ್ದೆ. ನಾನು ಬಾಗಿಲು ಪೂರ್ತಿ ತೆರೆದು ಹಿಡಿದೆ, ಎಲ್ಲರೂ ಹೊರಗೆ ಬಂದ ಮೇಲೆ ಅವರ ಹಿಂದೆ ಹೋದೆ.