ಜಾಯ್ಸ್ ಆಂಟಿಯ ಅಮ್ಮ ಕೇಳಿದ ನೆಲ

ಸಿಡ್ನಿಗೆ ಇಳಿದ ಮರುದಿನವೇ ತಂಗಿ ಶುಭಾ ತನ್ನ ಆತಂಕ ಹೇಳಿಕೊಂಡಳು. ಅವಳ ಮನೆ ನಗರದಂಚಿನ ಸ್ಕೋಫೀಲ್ಡ್ಸ್‌ನಲ್ಲಿ. ಸುತ್ತ ಒಂದೇ ಅಚ್ಚಿನ ಹೊಸ ಮನೆಗಳು, ಹಿಂದೆ ನೀಲಗಿರಿ ಮರಗಳ ಸರ್ಕಾರಿ ಕುರುಚಲು ಕಾಡು.

"ಆ ಲ್ಯಾಂಡ್ ತಮಗೆ ಬೇಕು ಅಂತ ಅಬಾರಿಜಿನಲ್ ಜನ ಕ್ಲೇಮ್ ಹಾಕಿದಾರೆ ಕಣಕ್ಕಾ. ನಾಳೆ ನಮ್ಮ ಮನೇನೂ ಕೇಳಿದ್ರೆ? ಮಾರ್ಟ್‌ಗೇಜ್ ಬೇರೆ ಇದೆ."

ನಾನು ಹುಣಸೂರು ಕಡೆ ಜೇನುಕುರುಬರ ಮಕ್ಕಳಿಗೆ ಪಾಠ ಹೇಳಿದವಳು. ಕಾಡಿನಿಂದ ಹೊರಬಿದ್ದವರು ಕಾಡು ಕೇಳುವುದು ನನಗೆ ಹೊಸತಲ್ಲ. ಇಲ್ಲಿ ಹೇಗೆ ಕೇಳುತ್ತಾರೆಂಬ ಕುತೂಹಲ ಹುಟ್ಟಿತು. "ಅವರನ್ನೇ ವಿಚಾರಿಸೋಣ ನಡಿ" ಎಂದೆ.

ಅರ್ಜಿ ಹಾಕಿದ್ದ ಮೂಲನಿವಾಸಿಗಳ ಸಂಘದ ಹಿರಿಯರಾದ ಜಾಯ್ಸ್ ಆಂಟಿ ಬ್ಲ್ಯಾಕ್‌ಟೌನ್‌ನಲ್ಲಿದ್ದರು. ಆಂಟಿ ಎನ್ನುವುದು ನಮ್ಮವರ ರೂಢಿ ಎಂದುಕೊಂಡಿದ್ದೆ. ಅವರಲ್ಲೂ ಹಿರಿಯ ಹೆಂಗಸರನ್ನು ಗೌರವದಿಂದ ಹಾಗೇ ಕರೆಯುತ್ತಾರಂತೆ. ಶುಭಾಳ ಪ್ರಶ್ನೆಗೆ ಅವರು ನಕ್ಕುಬಿಟ್ಟರು.

"ನಿನ್ನ ಮನೆ ನನಗೆ ಬೇಡಮ್ಮ. ಈ ರಾಜ್ಯದ ಕಾನೂನಿನಲ್ಲಿ ನಾವು ಕೇಳಬಹುದಾದ್ದು ಸರ್ಕಾರ ಬಳಸದೆ ಬಿಟ್ಟ ನೆಲ ಮಾತ್ರ. ಆ ಕಾಡಿಗೆ ಅರ್ಜಿ ಹಾಕಿಸಿದವಳು ನನ್ನಮ್ಮ. ಉತ್ತರ ಬರುವ ಮೊದಲೇ ಹೋಗಿಬಿಟ್ಟಳು."

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಮೂಲನಿವಾಸಿಗಳು ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿದ್ದಾರೆ, ಅವರಿಗೆ ತಾವೇ ಆರಿಸಿದ ಪ್ರತಿನಿಧಿಗಳ ಸಭೆಯೂ ಇದೆ ಎಂದರು. ಅದನ್ನು ತಿಳಿದು ಬರಲು ಅವರು ಹೊರಟಿದ್ದರು. ನಾನೂ ಟಿಕೆಟ್ ಬುಕ್ ಮಾಡಿಸಿದೆ. ರೈಲು ಹಗಲಿಡೀ ಓಡಿತು. ಕಿಟಕಿಯಾಚೆ ಒಣಹುಲ್ಲು, ಕುರಿಗಳು, ತಗಡಿನ ಸೂರುಗಳು. ಶುಭಾ ಕಟ್ಟಿಕೊಟ್ಟಿದ್ದ ಚಿತ್ರಾನ್ನ ಹಂಚಿಕೊಂಡು ತಿನ್ನುತ್ತಾ ಹುಣಸೂರಿನ ಜೇನುಕುರುಬರ ಕಥೆ ಹೇಳಿದೆ.

"ನಿಮ್ಮ ಕಾಡಿನ ಜನಕ್ಕೆ ನೆಲ ಸಿಕ್ಕಿತಾ?" ಆಂಟಿ ಕೇಳಿದರು.

"ಕೆಲವರಿಗೆ ಹಕ್ಕುಪತ್ರ ಸಿಕ್ಕಿದೆ. ಎಷ್ಟೋ ಅರ್ಜಿಗಳು ತಿರಸ್ಕಾರವಾಗಿವೆ. ಗ್ರಾಮಸಭೆ ಇದೆ, ಆದರೆ ಕೊನೆಯ ಮಾತು ಅಧಿಕಾರಿಗಳದ್ದು."

"ಇಲ್ಲೂ ಅಷ್ಟೇ" ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಮೆಲ್ಬರ್ನ್‌ನಲ್ಲಿ ಕೊರೆಯುವ ಗಾಳಿ. ಅಲ್ಲಿನ ಕ್ರಾನ್‌ಬರ್ನ್ ಬಡಾವಣೆಯಲ್ಲಿದ್ದ ಆಂಟಿಯ ಚಿಕ್ಕಮ್ಮನ ಮಗಳು ರೂತ್ ನಮಗೆ ಟೀ ಕೊಟ್ಟು, "ನೆಲ ಒಂದೇ ಸಾಲದು. ನಮ್ಮ ಮಕ್ಕಳ ಶಾಲೆ, ನಮ್ಮವರ ಆರೋಗ್ಯ, ಎಲ್ಲದರಲ್ಲೂ ನಮ್ಮ ಮಾತು ನಡೆಯಬೇಕು" ಎಂದು ವಿವರಿಸುತ್ತಿದ್ದಾಗ ಆಂಟಿಗೆ ಫೋನ್ ಬಂತು. ಹಳ್ಳದ ದಂಡೆಯೊಂದನ್ನು ಬಿಟ್ಟು ಶುಭಾಳ ಮನೆ ಹಿಂದಿನ ಇಡೀ ಕಾಡು ಸಂಘಕ್ಕೆ ಮಂಜೂರಾಗಿತ್ತು. ಆಂಟಿ "ಅಮ್ಮಾ" ಎಂದರು, ಅಷ್ಟೇ. ರೂತ್ ಅವರನ್ನು ತಬ್ಬಿಕೊಂಡರು.

ಸಿಡ್ನಿಗೆ ಮರಳಿದ ವಾರವೇ, ಸಿಕ್ಕ ನೆಲವನ್ನು ಏನು ಮಾಡುವುದೆಂದು ತೀರ್ಮಾನಿಸಲು ಸಂಘದ ಸಭೆ ಸೇರಿತು. ಆಂಟಿ ನನ್ನನ್ನೂ ಶುಭಾಳನ್ನೂ ಕರೆಸಿ ಹಿಂದಿನ ಸಾಲಿನಲ್ಲಿ ಕೂರಿಸಿದರು. ಕಾಡು ಹಾಗೆಯೇ ಇರಲಿ ಎಂಬುದು ಅವರ ವಾದ. ರೆಂಟ್ ಕಟ್ಟಲಾಗದ ವಯಸ್ಸಾದವರಿಗೆ ಅಲ್ಲಿ ಒಂದಿಷ್ಟು ಮನೆ ಕಟ್ಟೋಣ ಎಂದು ಎದ್ದು ನಿಂತವಳು ಅವರ ಸ್ವಂತ ಮಗಳು! ದನಿಗಳು ಏರಿದವು. "ನಮ್ಮ ಕನ್ನಡ ಅಸೋಸಿಯೇಷನ್ ಮೀಟಿಂಗ್ ಥರಾನೇ ಇದೆ" ಎಂದು ಶುಭಾ ಪಿಸುಗುಟ್ಟಿದಳು. ಕೊನೆಗೆ ಕೈಯೆತ್ತಿಸಿದರು. ಆಂಟಿ ಸೋತರು.

ಹೊರಗೆ ಬಂದಾಗ, "ಬೇಜಾರಾಯಿತಾ?" ಎಂದೆ.

"ಆಗದೆ ಇರುತ್ತಾ? ಆದರೆ ಈ ಸಲ ಆಗಲ್ಲ ಅಂದವರು ಯಾವ ಆಫೀಸರೂ ಅಲ್ಲ. ನನ್ನ ಮಗಳು."

ಹಾಗೆಂದವರು ಮಗಳ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಕಾರು ತಿರುವು ದಾಟುವವರೆಗೂ ನೋಡಿದೆ. ಒಳಗೆ ಇಬ್ಬರೂ ಕೈ ಆಡಿಸುತ್ತಾ ಇನ್ನೂ ವಾದಿಸುತ್ತಲೇ ಇದ್ದರು.