ಬಸ್ಸಿನಲ್ಲಿ ಹೇಳಿದ ಮಾತು, ಮನೆಯಲ್ಲಿ ಹೇಳದ ಮಾತು

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಸ್ಸು ತೊಳೆಯುವ ಕೆಲಸಕ್ಕೆ ಸೇರಿ, ಇಪ್ಪತ್ತೆರಡನೇ ವಯಸ್ಸಿಗೆ ಕಾರ್ಕಳ–ಉಡುಪಿ ಲೈನಿನಲ್ಲಿ ಕಂಡಕ್ಟರ್ ಆದೆ. ಚೀಲ ಹೆಗಲಿಗೆ ಹಾಕಿದ ದಿನದಿಂದ ಟಿಕೆಟು ಹರಿದು ಕೊಡದೆ ಯಾರ ಕೈಯಿಂದಲೂ ಒಂದು ಪೈಸೆ ತೆಗೆದುಕೊಂಡವನಲ್ಲ. ಜಂಬದಿಂದಲೇ ಹೇಳುತ್ತಿದ್ದೇನೆ, ಆಗ ನನ್ನಲ್ಲಿದ್ದ ಆಸ್ತಿ ಎಂದರೆ ಅದೊಂದೇ. ಹಾಗಾಗಿ ಹೆಂಡತಿ ಒಂದು ದಿನ ರಸೀದಿ ಪುಸ್ತಕ ಹಿಡಿದುಕೊಂಡು ಬಂದು, ಸಂಘಕ್ಕೆ ಸ್ವಲ್ಪ ಚಂದಾ ಎತ್ತಿ ಕೊಡಬೇಕು ಎಂದಾಗ ನನಗೆ ಸಿಟ್ಟೇ ಬಂತು.

"ಕೈ ಒಡ್ಡುವ ಕೆಲಸ ನನ್ನಿಂದ ಆಗುವುದಿಲ್ಲ."

"ನಿಮ್ಮ ಹೊಟ್ಟೆಗೆ ಕೇಳುವುದಲ್ವಲ್ಲ ಮಾರಾಯ್ರೆ. ಟಿಕೆಟು ಕೊಡದೆ ದುಡ್ಡು ಮುಟ್ಟುವುದಿಲ್ಲ ಅಂತ ಉಂಟಾದರೆ ಎಂತಾದರೂ ಕೊಟ್ಟೇ ತೆಗೆದುಕೊಳ್ಳಿ."

ಸಂಘ ಅಂದರೆ ದೊಡ್ಡದೇನಲ್ಲ. ಮಣಿಪಾಲದಲ್ಲಿದ್ದ ಒಬ್ಬ ನಿವೃತ್ತ ನರ್ಸಮ್ಮ ಉಡುಪಿಯ ಬನ್ನಂಜೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಬಸುರಿಯರನ್ನು ಚಾಪೆಯ ಮೇಲೆ ಕೂರಿಸಿ ಪಾಠ ಹೇಳುತ್ತಿದ್ದರು. ಏನು ತಿನ್ನಬೇಕು, ನೋವು ಬಂದಾಗ ಹೇಗೆ ಉಸಿರಾಡಬೇಕು, ಯಾವಾಗ ಕಾಯಬಾರದು. ಹಳ್ಳಿಗಳಲ್ಲೂ ಪಾಠ ಮಾಡಲು ಅವರು ನಾಲ್ಕು ಹೆಂಗಸರನ್ನು ತಯಾರು ಮಾಡುತ್ತಿದ್ದರು. ನನ್ನ ಹೆಂಡತಿ ಅವರಲ್ಲಿ ಒಬ್ಬಳು. ಎಸ್ಸೆಸ್ಸೆಲ್ಸಿ ಪಾಸಾದವಳು. ಮದುವೆಯಾಗಿ ಎರಡನೇ ವರ್ಷ ನಮ್ಮ ಮಗು ಅವಳ ತವರಿನಲ್ಲಿ ಉಸಿರಿಲ್ಲದೆ ಹುಟ್ಟಿತ್ತು. ಆಮೇಲೆ ಬಸುರು ನಿಲ್ಲಲಿಲ್ಲ. ಆ ಕೋಣೆಗೆ ಹೋಗಲು ಶುರು ಮಾಡಿದ ಮೇಲೆಯೇ ಅವಳು ಮನೆಯಲ್ಲಿ ಮತ್ತೆ ಮಾತಾಡತೊಡಗಿದ್ದು.

ಪಾಠ ಹೇಳಿ ಅಭ್ಯಾಸ ಮಾಡಲು ಅವಳಿಗೆ ಒಬ್ಬ ಬಸುರಿ ಬೇಕಿತ್ತು. ಕಾಪುವಿನ ನಮ್ಮ ಮನೆಯಲ್ಲಿ ಸಿಕ್ಕುತ್ತಿದ್ದವನು ನಾನೇ. ರಜೆಯ ದಿನ ಚಾವಡಿಯಲ್ಲಿ ಚಾಪೆ ಹಾಕಿ, "ನಿಮಗೆ ಈಗ ಎಂಟು ತಿಂಗಳು, ಕಾಲು ಚಾಚಿ ಕೂತುಕೊಳ್ಳಿ" ಎನ್ನುತ್ತಿದ್ದಳು. ಅಮ್ಮ ಒಳಗಿನಿಂದ ಇಣುಕಿ, "ಮಗಾ, ನಿನಗೆ ಹುಳಿ ಬೇಕಾ ಸಿಹಿ ಬೇಕಾ, ಎಂತ ಮಾಡಲಿ?" ಎಂದು ನಗುವರು. ನಾನು ಬೀಡಿ ಸೇದಲು ಎದ್ದರೆ, "ಬಸುರಿಯರು ಬೀಡಿ ಸೇದುವುದುಂಟಾ?" ಎಂದು ಇವಳು ಕೈಯಿಂದ ಕಿತ್ತುಕೊಳ್ಳುವಳು. ಹಾಗೆ ಕೂತೂ ಕೂತೂ ಆ ಪಾಠ ನನಗೂ ಬಾಯಿಗೆ ಬಂತು.

ಕೊನೆಗೆ ನಾನು ಕೊಟ್ಟದ್ದು ಆ ಪಾಠವನ್ನೇ. ಹಿರಿಯಡ್ಕದಲ್ಲಿ ನಮ್ಮ ಬಸ್ಸು ಹತ್ತು ನಿಮಿಷ ನಿಲ್ಲುತ್ತಿತ್ತು. ನಾನು ಬಾಗಿಲ ಬಳಿ ನಿಂತು ಗಟ್ಟಿಯಾಗಿ ಹೇಳುತ್ತಿದ್ದೆ: "ಮನೆಯಲ್ಲಿ ಬಸುರಿ ಇದ್ದರೆ ಕೇಳಿ. ಕಾಲು ಮಾತ್ರ ಸ್ವಲ್ಪ ಬಾತರೆ ಹೆದರಬೇಡಿ, ನರ್ಸಮ್ಮನಿಗೆ ತೋರಿಸಿ. ಕೈಯೂ ಮುಖವೂ ಬಾತರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮರುದಿನ ಅಲ್ಲ. ಅವತ್ತೇ."

ಮೊದಲ ದಿನ ಹಿಂದಿನ ಸೀಟಿನಿಂದ ಒಬ್ಬ ಕೂಗಿದ: "ಕಂಡಕ್ಟರ್ರೇ, ನಿಮಗೆ ಈಗ ಎಷ್ಟು ತಿಂಗಳು?"

"ಎಂಟು. ನಾಲ್ಕಾಣೆ ಕೊಡಿ, ತೊಟ್ಟಿಲು ಹಾಕುವಾಗ ಕರೆಯುತ್ತೇನೆ."

ಬಸ್ಸಿಡೀ ನಕ್ಕಿತು. ನಕ್ಕವರು ಕೊಟ್ಟರು. ಬೀಡಿ ಕಟ್ಟಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬರುತ್ತಿದ್ದ ಹೆಂಗಸರು ಸೆರಗಿನ ಗಂಟು ಬಿಚ್ಚಿ ಕೊಟ್ಟರು. ಅವರಲ್ಲೊಬ್ಬಳು ಇಳಿಯುವಾಗ, "ಮುಖ ಬಾತರೆ ಅಂತ ಎಂತದೋ ಹೇಳಿದಿರಲ್ಲ, ಇನ್ನೊಮ್ಮೆ ಹೇಳಿ" ಎಂದಳು. ಹೇಳಿದೆ. ಎರಡು ವಾರದ ಮೇಲೆ ಅದೇ ಹೆಂಗಸು ಬಸ್ಸು ಹತ್ತಿ, ಮಗಳನ್ನು ಅವತ್ತೇ ಕರೆದುಕೊಂಡು ಹೋದೆವು, ತಾಯಿ ಮಗು ಇಬ್ಬರೂ ಉಳಿದರು ಎಂದು ಹೇಳಿ ನನ್ನ ಕೈ ಹಿಡಿದುಕೊಂಡಳು. ಆ ದಿನ ಮನೆಗೆ ಹೋಗುವಾಗ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ, ಇಂಥ ಜಂಬವೂ ಮನುಷ್ಯನನ್ನು ಹಾಳು ಮಾಡುತ್ತದೆ ಎಂದು ಯಾರಾದರೂ ಹೇಳಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ.

ಆಗಲೇ ನನ್ನ ತಂಗಿ ಬಸುರಿ. ಅಪ್ಪ ಹೋದಾಗ ಅವಳಿಗೆ ನಾಲ್ಕು ವರ್ಷ. ಸಾಕಿದವನು ನಾನು, ಮದುವೆ ಮಾಡಿಸಿದವನು ನಾನು. ನಮ್ಮಲ್ಲಿ ಕುಟುಂಬ ಮುಂದುವರಿಯುವುದು ಹೆಣ್ಣಿನಿಂದ. ನಮ್ಮ ಮನೆಗೆ ಇನ್ನು ಮಗು ಅಂತ ಇದ್ದರೆ ಅವಳ ಹೊಟ್ಟೆಯಲ್ಲಿದ್ದದ್ದೇ. ಅವಳ ಗಂಡ ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಅವಳಿದ್ದದ್ದು ಅತ್ತೆಯ ಜೊತೆ, ಕಾರ್ಕಳದಿಂದ ಮೂರು ಮೈಲು ಈಚೆ, ನಮ್ಮ ಬಸ್ಸು ಹೋಗುವ ರಸ್ತೆಯ ಬದಿಯಲ್ಲಿ.

ಸೀಮಂತ ಅವಳ ಗಂಡನ ಮನೆಯಲ್ಲೇ, ಶುಕ್ರವಾರ ಇತ್ತು. ಸೀರೆ, ಮಲ್ಲಿಗೆ, ಹಸಿರು ಬಳೆ ತವರಿನಿಂದ ಹೋಗಬೇಕು. ಬಳೆಯ ಅಳತೆಗೆ ಅವಳು ಮನೆಯಲ್ಲಿ ಬಿಟ್ಟು ಹೋಗಿದ್ದ ಹಳೆಯ ಬಳೆಯನ್ನೇ ಕಾಪುವಿನ ಅಂಗಡಿಗೆ ಒಯ್ದು ನಾನೇ ತಂದಿದ್ದೆ.

ಮುತ್ತೈದೆಯರು ಬಳೆ ತೊಡಿಸಲು ಕೂತರು. ನನ್ನ ಹೆಂಡತಿಯೂ ಮುಂದೆ ಹೋದಳು. ತಂಗಿಯ ಅತ್ತೆ ನಗುತ್ತಲೇ, "ನೀವು ಅಡುಗೆಯ ಹತ್ತಿರ ನೋಡಿಕೊಳ್ಳಿ" ಎಂದು ಅವಳನ್ನು ಕಳುಹಿಸಿದರು. ಅವಳು ತಿರುಗಿದ ಮೇಲೆ ಪಕ್ಕದವರಿಗೆ, "ಬಸುರಿಯರ ಶಾಲೆಯ ಟೀಚರ್ ಅಂತೆ. ಪಾಠ ಎಲ್ಲ ಬಾಯಿಗೆ ಬರ್ತದೆ, ತೊಟ್ಟಿಲು ಮಾತ್ರ ಅಟ್ಟದಲ್ಲಿ" ಎಂದರು. ನನಗೂ ಕೇಳಿಸಿತು, ಅವಳಿಗೂ ಕೇಳಿಸಿತು.

ಬಳೆ ತಂಗಿಯ ಕೈಗೆ ಏರಲಿಲ್ಲ. ಸೋಪು ಹಚ್ಚಿದರು, ಹಿಂಡಿದರು, ಎರಡು ಒಡೆದವು. "ತವರಿನವರು ಚಿಕ್ಕ ಮಕ್ಕಳ ಬಳೆ ತಂದಿದ್ದಾರೆ!" ಎಂದು ಒಬ್ಬಳು. "ಅಣ್ಣ ಅರ್ಧ ಟಿಕೆಟ್ ಹರಿದಿದ್ದಾರೆ!" ಎಂದು ಇನ್ನೊಬ್ಬಳು. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ನನಗೆ ತಲೆ ಎತ್ತಲಾಗಲಿಲ್ಲ. ಅಳತೆ ಸರಿಯಾಗಿಯೇ ತಂದಿದ್ದೆ ಎಂಬುದು ನನಗೆ ಗೊತ್ತಿತ್ತು. ಆದರೆ ಬಳೆ ಸರಿ ಇದ್ದರೆ ಕೈಗೆ ಏನಾಗಿದೆ ಎಂದು ಯೋಚಿಸುವ ಬದಲು, ಇಷ್ಟು ಜನರ ಎದುರು ಮರ್ಯಾದೆ ಹೋಯಿತಲ್ಲ ಎಂದೇ ಕುದಿಯುತ್ತಿದ್ದೆ.

ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದಳು.

"ಅಳತೆ ತಪ್ಪಿದ್ದಲ್ಲ. ಅವಳ ಕೈ ಬಾತಿದೆ. ಮುಖ ನೋಡಿದಿರಾ? ಬೆಳಿಗ್ಗೆಯಿಂದ ತಲೆ ಸಿಡಿಯುತ್ತದಂತೆ. ಈಗಲೇ ಮಣಿಪಾಲಕ್ಕೆ ಕರೆದುಕೊಂಡು ಹೋಗುವಾ."

"ಊಟಕ್ಕೆ ಎಲೆ ಹಾಕಿದ್ದಾರೆ. ಮದುಮಗಳ ಹಾಗೆ ಕೂತವಳನ್ನು ಎಬ್ಬಿಸಿ ಆಸ್ಪತ್ರೆಗೆ ಅಂದರೆ ಎಂತ ಹೇಳಿಯಾರು? ನಿನ್ನ ಕಣ್ಣು ಬಿತ್ತು ಅಂತಾರೆ."

"ಅನ್ನಲಿ."

"ನೀನು ಸುಮ್ಮನಿರು. ಆಗಲೇ ಆದದ್ದು ಸಾಕು."

"ಬಸ್ಸಿನಲ್ಲಿ ಎಂತ ಹೇಳ್ತೀರಿ ನೀವು? ಅವತ್ತೇ ಅಂತ ಅಲ್ವಾ?"

"ಬಸ್ಸು ಬೇರೆ, ಮನೆ ಬೇರೆ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಒಳಗೆ ಹೋಗಿ ಬಡಿಸಲು ನಿಂತಳು.

ಸೀಮಂತವಾದ ಮೇಲೆ ಹುಡುಗಿ ನಮ್ಮ ಜೊತೆ ತವರಿಗೆ ಬರಬೇಕು. ಸಂಜೆ ಹೇಗೂ ನಮ್ಮ ಮನೆಯಲ್ಲೇ ಇರುತ್ತಾಳೆ, ಆಗ ತೋರಿಸಿದರಾಯಿತು ಎಂದು ನನ್ನ ಲೆಕ್ಕ. ಆದರೆ ಹೊರಡುವಾಗ ಅತ್ತೆ, ಶುಕ್ರವಾರ, ಶನಿವಾರ ಮನೆಯ ಹೆಣ್ಣನ್ನು ಹೊಸ್ತಿಲು ದಾಟಿಸುವುದಿಲ್ಲ, ಭಾನುವಾರ ಕರೆದುಕೊಂಡು ಹೋಗಿ ಎಂದರು. ಒಂದು ಮಾತು ಎದುರು ಹೇಳಬಹುದಿತ್ತು. ಕಾಲಿಗೆ ಬೀಳಬಹುದಿತ್ತು. ಕೇಳಿ ಇಲ್ಲ ಅನ್ನಿಸಿಕೊಳ್ಳುವುದು ನನ್ನ ಜಾಯಮಾನ ಅಲ್ಲ. "ಆಗಲಿ" ಎಂದೆ.

ತಂಗಿ ಬಾಗಿಲವರೆಗೆ ಬಂದು, "ಅಣ್ಣ, ಫಸ್ಟ್ ಟ್ರಿಪ್ಪಿಗೇ ಬರ್ತೇನೆ. ಮುಂದಿನ ಸೀಟು ಇಡು, ಟಿಕೆಟ್ ಮಾತ್ರ ತೆಗೆಯುವುದಿಲ್ಲ" ಎಂದಳು.

ಭಾನುವಾರ ಬೆಳಿಗ್ಗೆ ನಮ್ಮ ಮೊದಲ ಟ್ರಿಪ್ಪು ಕಾರ್ಕಳ ಬಿಟ್ಟಿತು. ತಂಗಿಯ ಮನೆಯ ಬಳಿ ರಸ್ತೆಯಲ್ಲಿ ಜನ ನಿಂತಿದ್ದರು. ಕಳುಹಿಸಿ ಕೊಡಲು ಇಷ್ಟು ಜನವಾ ಎಂದು ನಾನು ನಗುತ್ತಲೇ ಇಳಿದೆ. ಅವಳನ್ನು ಚಾಪೆಯಲ್ಲಿ ಮಲಗಿಸಿ ಹೊತ್ತುಕೊಂಡು ಬಂದಿದ್ದರು. ಮುಂಜಾವದಿಂದ ಮೂರು ಸಲ ಸೆಳೆತ ಬಂದಿತ್ತು. ಮೊದಲು ಗಾಳಿ ಸೋಕಿದ್ದು ಎಂದುಕೊಂಡರಂತೆ. ಆಮೇಲೆ ನೆರೆಯವರು ಕಾರ್ಕಳಕ್ಕೆ ಓಡಿ ಟ್ಯಾಕ್ಸಿ ತರುತ್ತೇವೆ ಎಂದಾಗ ಅತ್ತೆಯೇ, "ಬೇಡ, ಅವಳ ಅಣ್ಣನ ಬಸ್ಸೇ ಈಗ ಬರ್ತದಲ್ಲ, ನಮ್ಮದೇ ಬಸ್ಸು" ಎಂದರಂತೆ. ಒಂದೂವರೆ ಗಂಟೆ ಅವರು ನನ್ನ ಬಸ್ಸಿಗೆ ಕಾದಿದ್ದರು.

ಡ್ರೈವರ್ ಎಲ್ಲೂ ನಿಲ್ಲಿಸಲಿಲ್ಲ. ಹಿರಿಯಡ್ಕದಲ್ಲಿ, ಪರ್ಕಳದಲ್ಲಿ ಇಳಿಯಬೇಕಾದವರು ಒಬ್ಬರೂ ಬೆಲ್ಲು ಎಳೆಯಲಿಲ್ಲ. ಎಲ್ಲರೂ ಮಣಿಪಾಲದವರೆಗೆ ಬಂದು, ಅಲ್ಲಿ ಇಳಿದು ಸುಮ್ಮನೆ ಹಿಂದಕ್ಕೆ ನಡೆದರು.

"ಕೈ, ಮುಖ ಬಾತು ಎಷ್ಟು ದಿನ ಆಯಿತು?" ಎಂದು ಡಾಕ್ಟರು ಕೇಳಿದರು. ಜೊತೆಗೆ ಬಂದವರಿಗೆ ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಿದೆ, ಶುಕ್ರವಾರದಿಂದ ಎಂದು. ಅವರು ಬರೆದುಕೊಂಡರು. ಹೊಟ್ಟೆಯಲ್ಲೇ ಮಗು ಹೋಗಿತ್ತು. ಮಧ್ಯಾಹ್ನ ತಂಗಿ ಹೋದಳು.

ಅದರ ನಂತರ ನಾನು ಹಿರಿಯಡ್ಕದಲ್ಲಿ ಬಾಯಿ ತೆರೆಯಲಿಲ್ಲ. ರಸೀದಿ ಪುಸ್ತಕವನ್ನು ನರ್ಸಮ್ಮನಿಗೆ ವಾಪಸು ಕೊಟ್ಟೆ. ಹೆಂಡತಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹೊತ್ತಿಗೆ ಸರಿಯಾಗಿ ಅನ್ನ ಬಡಿಸಿದಳು, ಅಮ್ಮನನ್ನು ಎತ್ತಿ ಕೂರಿಸಿ ಗಂಜಿ ಕುಡಿಸಿದಳು, ತಿಂಗಳು ಕಳೆದ ಮೇಲೆ ಮತ್ತೆ ಬನ್ನಂಜೆಗೆ ಹೋದಳು. ಚಾವಡಿಯಲ್ಲಿ ಮತ್ತೆ ಯಾವತ್ತೂ ಚಾಪೆ ಹಾಕಲಿಲ್ಲ.

ಅವಳೇ ಸ್ವತಃ ಪಾಠ ಮಾಡುವ ಮೊದಲ ದಿನ ಬಿಟ್ಟು ಬರಲು ನಾನೂ ಹೋಗಿದ್ದೆ. ಗಂಡಸರು ಒಳಗೆ ಹೋಗುವ ಕ್ರಮ ಇರಲಿಲ್ಲ. ಹೊರಗೆ ಮೆಟ್ಟಿಲಲ್ಲಿ ಕೂತೆ. ಕಿಟಕಿ ತೆರೆದಿತ್ತು. ಅವಳು ಉಸಿರಾಟ, ಊಟ ಎಲ್ಲ ಹೇಳಿ ಮುಗಿಸಿದಳು. ಆಮೇಲೆ, ಒಂದು ಮನೆಯ ಸೀಮಂತದಲ್ಲಿ ಬಳೆ ಏರದೆ ಹೋದದ್ದನ್ನು ಹೇಳಿದಳು.

"ಅಲ್ಲಿ ಇದೆಲ್ಲ ಓದಿದವಳು ಒಬ್ಬಳು ಇದ್ದಳು" ಎಂದಳು. "ಅವಳಿಗೆ ಗೊತ್ತಾಗಿತ್ತು. ಜನ ಎಂತ ಹೇಳ್ತಾರೋ ಅಂತ ಹೆದರಿ ಅವಳು ಬಾಯಿ ಬಿಡಲಿಲ್ಲ. ಅವಳು ನಾನೇ."

ಒಳಗೆ ಯಾರೋ ಹೆಂಗಸು, "ಅಯ್ಯೋ, ಟೀಚರೇ, ನೀವು ಹೇಳಬೇಕಿತ್ತಲ್ವಾ?" ಎಂದಳು.

"ಹೌದು. ಹೇಳಬೇಕಿತ್ತು" ಎಂದಳು ನನ್ನ ಹೆಂಡತಿ.

ನಾನು ಎದ್ದು ನಿಂತೆ. ಅವಳು ಹೇಳಿದ್ದಳು, ಬೇಡ ಅಂದವನು ನಾನು, ಎಂದು ಒಳಗೆ ಹೋಗಿ ಹೇಳಬೇಕಿತ್ತು. ಬಾಗಿಲಿಗೆ ನಾಲ್ಕೇ ಹೆಜ್ಜೆ. ಒಳಗೆ ಹತ್ತು ಹನ್ನೆರಡು ಹೆಂಗಸರು, ನನ್ನ ಬಸ್ಸಿನಲ್ಲಿ ಹತ್ತಿ ಇಳಿಯುವವರು. ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದೆ.