ಡಾಂಬರ ಗುಳಿಗೆ ವಾಸನೆಯ ಕಂಬಳಿ

ನನ್ನ ಸೋದರಮಾವ ಅಮಸಿದ್ದಪ್ಪ ಜೀವನದಲ್ಲಿ ಒಂದೇ ಒಂದು ಸಲ ಟ್ರಿಪ್ಪಿಗೆ ಹೋಗಿದ್ದಾನೆ, ಅದೂ ಮುಧೋಳದ ಹತ್ತಿರದ ನಮ್ಮೂರಿನಿಂದ ಜಮಖಂಡಿಗೆ. ಕುರಿ ಕಾಯುವವನಿಗೆ ರಜೆ ಎಲ್ಲಿಯದು? ಮಳೆಗೂ ಚಳಿಗೂ ಹೆಗಲ ಮೇಲೆ ಅದೇ ಕರಿಕಂಬಳಿ, ಕಾಲ ಹತ್ತಿರ ಅದೇ ನಾಯಿ ಗಂಗಿ. ಗಂಗಿ ನಮ್ಮ ಮುಧೋಳದ ಬೇಟೆ ತಳಿ, ಸಣ್ಣ ಸೊಂಟ, ಉದ್ದ ಮೂತಿ. ಕಣ್ಣು ಬಿಡುವ ಮೊದಲೇ ತಾಯಿ ಸತ್ತದ್ದರಿಂದ ಮಾವ ಅದನ್ನು ಆ ಕಂಬಳಿಯೊಳಗೆ ಸುತ್ತಿಟ್ಟುಕೊಂಡು ಆಡಿನ ಹಾಲು ಕುಡಿಸಿ ಬೆಳೆಸಿದ್ದ. ಈಗ ತೋಳ ಬಂದರೆ ಮಾವನಿಗಿಂತ ಮೊದಲು ಏಳುವುದು ಅದೇ.

ಮಾವನ ಬಾಲ್ಯದ ಗೆಳೆಯ ಲಗಮಣ್ಣ ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುತ್ತಾನೆ. ಮಗ್ಗಕ್ಕೆ ರಜೆ ಸಿಕ್ಕ ದಿನ ಅವನು ಟಂಟಂ ಆಟೋ ಓಡಿಸುವ ಇನ್ನೊಬ್ಬ ಶಾಲೆ ಗೆಳೆಯ ಚಿದಾನಂದನನ್ನು ಎಬ್ಬಿಸಿಕೊಂಡು ಬಂದು, ಜಮಖಂಡಿಯ ರಾಮತೀರ್ಥದ ಗುಡ್ಡಕ್ಕೆ ಹೋಗೋಣ, ಅರಮನೆ ನೋಡೋಣ ಅಂತ ಹಟ ಹಿಡಿದ. ಫೋಟೋ ತೆಗೆಯಲು ಬೇಕಲ್ಲ ಅಂತ ನನ್ನನ್ನೂ ಹತ್ತಿಸಿಕೊಂಡರು.

"ಕುರಿ ನಾ ಕಾಯ್ತೇನ್ರಿ, ಹೋಗಿ ಬರ್ರಿ," ಅಂದಳು ಯಲ್ಲಕ್ಕತ್ತೆ. "ಅರಮನಿಗೆ ಹೊಂಟೀರಿ, ಆ ನಾರೂ ಕಂಬಳಿ ಬ್ಯಾಡ." ಟ್ರಂಕಿನಿಂದ ಹೊಸ ಕಂಬಳಿ ತೆಗೆದು ತಾನೇ ಗಂಡನ ಹೆಗಲಿಗೆ ಹಾಕಿದಳು.

ಊರ ಗಡಿ ದಾಟಿದರೂ ಗಂಗಿ ಟಂಟಂ ಹಿಂದೆ ನಾಲಿಗೆ ಚಾಚಿಕೊಂಡು ಓಡಿ ಬರುತ್ತಲೇ ಇತ್ತು. ಮಾವ ಗಾಡಿ ನಿಲ್ಲಿಸಲು ಹೇಳಿ ಎತ್ತಿಕೊಂಡು ಕೊರಳಿಗೆ ಹಗ್ಗ ಕಟ್ಟಿದ.

"ಅರಮನಿಗೆ ನಾಯಿ ಕರಕೊಂಡ ಹೋಗಾಂವ ನೀ ಒಬ್ಬನ ನೋಡಲೇ," ಅಂದ ಚಿದಾನಂದ.

"ಮುಧೋಳ ರಾಜರು ಇದನ್ನ ತೊಡಿ ಮ್ಯಾಲೆ ಕುಂದರಿಸಿಕೊಂತಿದ್ರು. ಇಳಿಯೂದಾದ್ರ ನೀ ಇಳಿ."

ಗುಡ್ಡದ ಮೇಲೆ ಎಷ್ಟು ಚಂದ ಇತ್ತೆಂದರೆ, ಬೇವಿನ ನೆರಳು, ತಣ್ಣನೆ ಗಾಳಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಮೂವರೂ ಅಂಗಾತ ಮಲಗಿ ಶಾಲೆಯ ಮಾಸ್ತರರನ್ನು ಬೈದುಕೊಳ್ಳುತ್ತ ನಗುತ್ತಿದ್ದರು. ಮಾವ ಅಷ್ಟು ನಕ್ಕದ್ದನ್ನು ನಾನು ಮೊದಲು ಕಂಡೇ ಇರಲಿಲ್ಲ. ಆಮೇಲೆ ಫೋಟೋಕ್ಕೆ ನಿಂತರು.

"ನಾಯಿ ಹಗ್ಗ ಬಿಚ್ಚಲೇ," ಅಂದ ಲಗಮಣ್ಣ. "ಕುರಿ ಸಂತಿಗೆ ಬಂದಾಂಗ ಕಾಣತೈತಿ."

ಮಾವ ಬಿಚ್ಚಿದ. ಅದೇ ಗಳಿಗೆಗೆ ಪೊದೆಯಿಂದ ಒಂದು ಮೊಲ ಜಿಗಿಯಿತು. ಫೋಟೋದಲ್ಲಿ ಗಂಗಿ ಇಲ್ಲ, ಒಂದು ಬೂದು ಗೆರೆ ಮಾತ್ರ ಇದೆ.

ಮಾವ ಸಿಳ್ಳೆ ಹೊಡೆದ, ಕೂಗಿದ. ಓಡುವಾಗ ಆ ತಳಿಗೆ ಕಣ್ಣಷ್ಟೇ, ಕಿವಿ ಇರುವುದಿಲ್ಲ. ಗುಡ್ಡದ ಕೆಳಗೆ ಆಳೆತ್ತರದ ಕಬ್ಬು, ಕಬ್ಬಿನಾಚೆ ರಸ್ತೆ, ರಸ್ತೆ ತುಂಬ ಕಾರ್ಖಾನೆಗೆ ಹೋಗುವ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು. ನಾವು ಕಬ್ಬಿನ ಸಾಲು ಸಾಲಿಗೆ ನುಗ್ಗಿದೆವು, ಎಲೆ ಕೊಯ್ದು ಮಾವನ ಮುಖವೆಲ್ಲ ಗೀರು. ರಸ್ತೆಯ ಮೇಲೆ ಎಲ್ಲೋ ಬ್ರೇಕು ಕಿರುಚಿದಾಗ ಅವನು ನಿಂತಲ್ಲೇ ಕುಸಿದು ಕೂತುಬಿಟ್ಟ. ಲಗಮಣ್ಣ ಓಡಿ ಹೋಗಿ ನೋಡಿ ಬಂದು, "ಏನೂ ಆಗಿಲ್ಲ ಏಳೋ, ಎಮ್ಮಿ ಅಡ್ಡ ಬಂದಿತ್ತ," ಅಂದ ಮೇಲೇ ಅವನು ಎದ್ದು ಮತ್ತೆ ಕಬ್ಬಿಗೆ ನುಗ್ಗಿದ.

ಬಿಸಿಲು ಇಳಿಯುತ್ತ ಬಂತು. ನಾಯಿ ತಪ್ಪಿಸಿಕೊಂಡರೆ ನಮ್ಮ ಕುರಿಗಾರರು ಹೆಗಲ ಕಂಬಳಿಯನ್ನು ಅಲ್ಲೇ ಹಾಸಿ ಬಿಡುತ್ತಾರೆ, ನಾಯಿ ಒಡೆಯನ ವಾಸನೆ ಹಿಡಿದು ಬಂದು ಅದರ ಮೇಲೆ ಮಲಗುತ್ತದೆ. ಮಾವ ಬೇವಿನ ಬುಡಕ್ಕೆ ಮರಳಿ ಕಂಬಳಿ ಬಿಡಿಸಿದ, ಮೂಗಿಗೆ ಹಿಡಿದ, ಮುಖ ಬಿಳಿಚಿಕೊಂಡಿತು. ಅದರಲ್ಲಿ ಅವನ ವಾಸನೆ ಇರಲಿಲ್ಲ. ಬರೀ ಟ್ರಂಕಿನ ಡಾಂಬರ ಗುಳಿಗೆ ವಾಸನೆ.

"ಊರಿಗೆ ಹೋಗಿ ಹಳೇ ಕಂಬಳಿ ತರ್ತೇನಿ," ಅಂತ ಚಿದಾನಂದ ಗಾಡಿ ಕಡೆ ಓಡಿದ. ನಾನು ಅತ್ತೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

"ಅಯ್ಯ, ಅದನ್ನ ತೊಳದ ಹಾಕೀನಲ್ರಿ," ಅಂದಳು ಅತ್ತೆ. "ಹೆಗಲ ಮ್ಯಾಲಿಂದ ಎಂದಾರ ಇಳಸಿದ್ರೇನ ನೀವು? ಇವತ್ತ ಸಿಕ್ತಂತ ಹಳ್ಳಕ್ಕ ಒಯ್ದು, ಸೋಪಿನ ಪುಡಿ ಹಾಕಿ ಛಲೋತಂಗ ತುಳದೇನಿ. ಯಾಕ್ರಿ?"

ನಾನು ಫೋನ್ ಇಟ್ಟೆ. ಮಾವ ಹೊಸ ಅಂಗಿಯನ್ನೂ ಕಳಚಿ ದೂರ ಎಸೆದು, ಆ ಚಳಿಯಲ್ಲಿ ಬರಿಮೈಯಲ್ಲಿ ಗಾಳಿಗೆ ಎದೆಯೊಡ್ಡಿ ಕೂತ.

"ನೀವು ಹೋಗ್ರಿ. ನಾ ಬರಂಗಿಲ್ಲ. ವಾಸನಿ ಉಳದಿದ್ದು ನನ್ನ ಮೈಯಾಗ ಅಷ್ಟ."

ಲಗಮಣ್ಣ ಪಕ್ಕ ಬಂದು ಕೂತ. "ಬಿಚ್ಚಂತ ಹೇಳಿದಾಂವ ನಾ. ನಾನೂ ಕುಂದರ್ತೇನಿ."

"ದೂರ ಸರಿಯಲೇ. ಮಗ್ಗದ ಎಣ್ಣಿ ನಾರ್ತೀದಿ, ನಿನ್ನ ಸಲುವಾಗಿ ಅದು ಬರಂಗಿಲ್ಲ."

ಲಗಮಣ್ಣ ಕಣ್ಣೊರೆಸಿಕೊಂಡು ಸರಿದ. ಅರಮನೆಯ ಗೋಡೆ ಕೆಂಪಾಗಿ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ಮಾವನ ಹಲ್ಲು ಕಟಕಟ ಅನ್ನುವುದು ನಮಗೆ ಕೇಳುತ್ತಿತ್ತು, ಹೊದಿಸಲು ಹೋದರೆ ಕೈ ತಳ್ಳುತ್ತಿದ್ದ.

ಮಬ್ಬಿನಲ್ಲಿ ಕಲ್ಲುಗಳ ನಡುವೆ ಏನೋ ಅಲುಗಿತು. ಗಂಗಿ ಮೂರು ಕಾಲಿನ ಮೇಲೆ ಕುಂಟುತ್ತ ಬಂತು. ಹಾಸಿದ್ದ ಕಂಬಳಿ ಮೂಸಿ ಸೀನಿತು, ಹಿಂದೆ ಸರಿದು ಗುರ್ರೆಂದಿತು, ಇನ್ನೇನು ತಿರುಗಿಬಿಡುತ್ತಿತ್ತು. ಆಗ ಗಾಳಿ ಬೀಸಿತು. ಅದು ಮೂತಿ ಎತ್ತಿತು, ನೇರ ಬಂದು ಮಾವನ ಕಂಕುಳಲ್ಲಿ ತಲೆ ತೂರಿಸಿತು.

ಮಾವ ಬೈಯಲಿಲ್ಲ, ಮುದ್ದಿಸಲೂ ಇಲ್ಲ. ಕಂಬಳಿ ಎಳೆದು ಇಬ್ಬರಿಗೂ ಸೇರಿಸಿ ಸುತ್ತಿಕೊಂಡ.

ಮನೆ ಮುಟ್ಟಿದಾಗ ಹೊಸ ಕಂಬಳಿಗೆ ಕಬ್ಬಿನ ಹೊಲದ ಕೆಸರು, ಗಂಗಿಯ ಪಾದದ ರಕ್ತ, ಮಾವನ ಬೆವರು ಎಲ್ಲ ಅಂಟಿತ್ತು. ಯಲ್ಲಕ್ಕತ್ತೆ ನೋಡಿದವಳೇ ತೊಳೆಯಲು ಕೈ ಚಾಚಿದಳು.

"ಇದನ್ನ ಮುಟ್ಟಿದ್ರ ನೋಡ ಮತ್ತ," ಅಂದ ಮಾವ.